ಹಳೆಯ ತಟ್ಟೆಗೆ ಹೊಸ ಬಣ್ಣ ಬೇಡ

ಹಳೆಯ ಗ್ರಾಮಾಫೋನು ತಟ್ಟೆಗಳನ್ನು ತೊಳೆದು, ಒರೆಸಿ, ಯಂತ್ರದ ನೆರವಿನಿಂದ ಅವುಗಳ ಕರಕರ ಸದ್ದನ್ನು ತಗ್ಗಿಸಿ, ಮತ್ತೆ ಜನರ ಮುಂದಿಡುವ ಉದ್ಯಮ ಈಗ ಜಗತ್ತಿನಲ್ಲೆಲ್ಲ ನಡೆದಿದೆ. ಜನ ಅವನ್ನು ಕೊಳ್ಳುತ್ತಿದ್ದಾರೆ, ಕೇಳುತ್ತಿದ್ದಾರೆ. ಈ ಮೆಚ್ಚಿಕೆಯನ್ನು ಕುರಿತು ನಮ್ಮ ನಡುವೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಇದು ಮುಪ್ಪಿನ ಚಪಲ, ಹಲ್ಲು ಬಿದ್ದವರು ಹುರಿಗಡಲೆ ನೆನೆಯುವ ಹಾಗೆ, ಎಂಬುದು ಒಂದು. ಹಳೆಯದು ಇರಲಿ, ಆದರೆ ಈಗಿನವರ ಕಿವಿಗೆ ಹಿಡಿಸುವಂತೆ ಅದಕ್ಕೆ ನಾಲ್ಕು ಡ್ರಮ್ಮು, ಎರಡು ಗಿಟಾರು ಸೇರಿಸಿ ಕೊಡಿ ಎಂಬುದು ಇನ್ನೊಂದು. ಎರಡೂ ತಪ್ಪೆಂದು ನನ್ನ ವಾದ. ಮೊದಲನೆಯವರು ಕೇಳುವುದಿಲ್ಲ, ಅಷ್ಟೆ. ಅವರಿಂದ ಯಾರಿಗೂ ನಷ್ಟವಿಲ್ಲ. ಎರಡನೆಯವರಿಂದ ಆಗುವ ಹಾನಿ ಮಾತ್ರ ತಿದ್ದಲು ಬಾರದಂಥದು.

ಮೊದಲು ಚಪಲದ ಮಾತನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನಲ್ಲಿ 1945ರಿಂದ 1967ರ ವರೆಗೆ ಬಿ.ಬಿ.ಸಿ. ರೇಡಿಯೋದಲ್ಲಿ ‘ಲೈಟ್ ಪ್ರೋಗ್ರಾಂ’ ಎಂಬ ಒಂದು ವಾಹಿನಿ ಇತ್ತು. ಗಹನ ಸಂಗೀತಕ್ಕೂ ಕುಣಿತದ ಹಾಡಿಗೂ ನಡುವಣ ಒಂದು ಹದವಾದ ವಾದ್ಯವೃಂದ ಸಂಗೀತಕ್ಕೆ ಅಲ್ಲಿ ಧಾರಾಳವಾಗಿ ಜಾಗವಿತ್ತು. ಎರಿಕ್ ಕೋಟ್ಸ್, ಕೆಟೆಲ್ಬಿ ಮೊದಲಾದವರು ಬರೆದ ಸಂಗೀತ ಈ ಜಾತಿಯದು. ಕಾಲ ಬದಲಾಯಿತು, ವಾಹಿನಿ ನಿಂತಿತು, ವಿಮರ್ಶಕರು ಅದನ್ನು ಉಪಾಹಾರ ಮಂದಿರದ ಸಂಗೀತವೆಂದು ಮೂಗು ಮುರಿದರು. ಆದರೆ 2004ರಿಂದ ಮುಂದೆ ‘ಗಿಲ್ಡ್’ ಎಂಬ ಕಂಪನಿ ಅದೇ ಸಂಗೀತದ ಹಳೆಯ ತಟ್ಟೆಗಳನ್ನು ಸಂಸ್ಕರಿಸಿ ನೂರಕ್ಕೂ ಹೆಚ್ಚು ಮುದ್ರಿಕೆಗಳನ್ನು ಹೊರತಂದಿತು. ಬರಿಯ ಚಪಲ ನೂರು ಸಂಪುಟಗಳ ತನಕ ಬಾಳುವುದಿಲ್ಲ. ಚಪಲಕ್ಕೆ ಹತ್ತು ಸಾಕು.

‘ಅದು ಬಿಳಿಯರ ಕತೆ, ಕೂಡ್ಲಿಗಿ ಕೊಟ್ಟೂರುಗಳಿಗೆ ಅದರಿಂದೇನು?’ ಎಂದು ವಾಚಕರು ಕೇಳಬಹುದು. ಕೇಳಲೇಬೇಕು. ನಮ್ಮ ಸೀಮೆಗೂ ಅಂಥದೇ ಒಂದು ನಡುವಣ ಸಂಗೀತವಿತ್ತು. ಅದರ ಹೆಸರು ಕಂಪನಿ ನಾಟಕದ ಸಂಗೀತ. ಕಾಲು ಹಾರ್ಮೋನಿಯಂ, ತಬಲ, ಪಿಟೀಲು, ಕ್ಲಾರಿಯೋನೆಟ್ಟು. ಇವಿಷ್ಟು ಕೂಡಿದರೆ ರಂಗದ ಮೇಳ. ರಾಗ ಶಾಸ್ತ್ರೀಯ, ನಡೆ ಲಘು. ಒಂದು ಭೀಮಪಲಾಸವನ್ನು ಮೂರು ಗಂಟೆ ಕೇಳುವ ವ್ಯವಧಾನವಿಲ್ಲದ ರೈತ ಅದನ್ನು ಮೂರು ನಿಮಿಷ ಕೇಳಿ, ತೃಪ್ತನಾಗಿ, ಮರುದಿನ ಕುಂಟೆ ಹೊಡೆಯುತ್ತ ಗುನುಗುತ್ತಿದ್ದ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರ ವರೆಗೆ ಮದರಾಸು ಆಡಳಿತಕ್ಕೆ ಸೇರಿತ್ತು. ತೆಲುಗು ಪದ್ಯದ ಎತ್ತುಗಡೆ ಒಂದು ಕಡೆಯಿಂದ, ಗದಗು ಹುಬ್ಬಳ್ಳಿಗಳ ಹಿಂದೂಸ್ಥಾನಿ ಇನ್ನೊಂದು ಕಡೆಯಿಂದ, ಮೈಸೂರಿನ ಕರ್ನಾಟಕ ಪದ್ಧತಿ ಮತ್ತೊಂದು ಕಡೆಯಿಂದ ಬಂದು ನಮ್ಮ ಜಾತ್ರೆಯ ಡೇರೆಗಳಲ್ಲಿ ಕೂಡಿಕೊಂಡವು. ಬಳ್ಳಾರಿ ರಾಘವರು (1880–1946) ಎರಡು ಭಾಷೆಯ ರಂಗದಲ್ಲಿಯೂ ಮೆರೆದದ್ದು ಈ ಕೂಡಲಿಯ ಫಲವೇ. ನಮ್ಮ ಕಾಲದಲ್ಲಿ ಸುಭದ್ರಮ್ಮ ಮನ್ಸೂರರು ರಂಗಗೀತೆಯನ್ನು 2020ರಲ್ಲಿ ತೀರಿಕೊಳ್ಳುವ ತನಕ ಕೊರಳಲ್ಲಿ ಉಳಿಸಿಕೊಂಡಿದ್ದರು. ಎಂ. ಪಿ. ಪ್ರಕಾಶರು (1940–2011) ರಾಜಕಾರಣದ ಗಲಾಟೆಯ ನಡುವೆಯೂ ಹಡಗಲಿಯಲ್ಲಿ ‘ರಂಗಭಾರತಿ’ಯನ್ನು ಕಟ್ಟಿ ನಿಲ್ಲಿಸಿದರು. ಇದು ಬಡ ಸೀಮೆ ಹೌದು, ಬರಡು ಸೀಮೆಯಲ್ಲ.

ಈ ಸಂಗೀತಕ್ಕೆ ಸರಕಾರದಿಂದ ಸಿಕ್ಕ ಮರ್ಯಾದೆ ಎಂಥದು? ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚಿ 1ರಿಂದ ಹಾರ್ಮೋನಿಯಂ ವಾದ್ಯವನ್ನೇ ಬಹಿಷ್ಕರಿಸಿತು. ಅದರ ಸ್ವರಗಳು ಬಿಗಿದು ಕಟ್ಟಿದವು, ನಮ್ಮ ಗಮಕಕ್ಕೆ ಒಗ್ಗವು ಎಂಬುದು ಪಂಡಿತರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬಹಿಷ್ಕಾರ ಸಡಿಲವಾದದ್ದು 1971ರಲ್ಲಿ. ಮೂವತ್ತು ವರ್ಷಕ್ಕೂ ಮೀರಿ, ಕಂಪನಿ ನಾಟಕದ ಜೀವವಾದ್ಯಕ್ಕೆ ರೇಡಿಯೋ ನಿಲಯದ ಬಾಗಿಲು ಮುಚ್ಚಿತ್ತು. ಆ ಮೂವತ್ತು ವರ್ಷಗಳಲ್ಲಿ ಆ ನಾದವನ್ನು ಹಿಡಿದಿಟ್ಟುಕೊಂಡದ್ದು ಯಾವುದು? ಅರಗಿನ ತಟ್ಟೆ. ಪಂಡಿತರು ಬೇಡವೆಂದದ್ದನ್ನು ವ್ಯಾಪಾರಿಗಳು ಉಳಿಸಿದರು ಎಂದು ಒಪ್ಪಿಕೊಳ್ಳುವುದಕ್ಕೆ ಸಂಕೋಚವೇಕೆ?

ತಟ್ಟೆಯ ಚರಿತ್ರೆಯನ್ನು ಎರಡು ಮಾತಿನಲ್ಲಿ ನೆನೆಯಬಹುದು. 1902ರ ನವೆಂಬರಿನಲ್ಲಿ ಗೈಸ್‌ಬರ್ಗ್ ಎಂಬಾತ ಕಲಕತ್ತೆಗೆ ಬಂದು ಗೌಹರ್ ಜಾನಳ ಕಂಠವನ್ನು ಮುದ್ರಿಸಿಕೊಂಡ. ಹಾಡಿನ ಕೊನೆಗೆ ತನ್ನ ಹೆಸರನ್ನು ಕೂಗಿ ಹೇಳಿದ ಆ ಗಾಯಕಿ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. 1925ರ ಸುಮಾರಿಗೆ ಮೈಕ್ರೋಫೋನು ಬರುವ ತನಕ ಗಾಯಕರು ಒಂದು ಕೊಂಬಿನ ಬಾಯಿಗೆ ಮುಖವಿಟ್ಟು ಕೂಗಬೇಕಾಗಿತ್ತು. ತಟ್ಟೆಯ ಮುಖ್ಯ ದ್ರವ್ಯ ಅರಗು. ನಮ್ಮ ದೇಶದ ಮರಗಳ ಮೇಲೆ ಹುಳು ಸುರಿಸುವ ಅರಗೇ ಜಗತ್ತಿನ ಸಂಗೀತವನ್ನು ಹೊತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಹಾಡು. ಕೈಜಾರಿದರೆ ಚೂರು ಚೂರು.

ಈ ಮೂರು ನಿಮಿಷದಲ್ಲಿಯೇ ಅದರ ಆಕರ್ಷಣೆಯ ಗುಟ್ಟಿದೆ. ಆಗ ತಪ್ಪನ್ನು ಕತ್ತರಿಸಿ ತೆಗೆಯುವ, ತೇಪೆ ಹಚ್ಚುವ ಉಪಾಯವಿರಲಿಲ್ಲ. ಮೇಳದವರೆಲ್ಲ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ, ಒಬ್ಬರ ಉಸಿರನ್ನೊಬ್ಬರು ಕೇಳಿಸಿಕೊಂಡು ನುಡಿಸಬೇಕಾಗಿತ್ತು. ಪಿಟೀಲು ಮುಂದಕ್ಕೆ ಬರಬೇಕಾದರೆ ಪಿಟೀಲಿನವನೇ ಮೈಕ್ರೋಫೋನಿನ ಹತ್ತಿರ ಸರಿಯಬೇಕು. ಹಾರ್ಮೋನಿಯಂ ತಗ್ಗಬೇಕಾದರೆ ಮಾಸ್ತರರ ಕೈಯೇ ತಗ್ಗಬೇಕು. ಇಂದು ತಬಲದವನು ಸೋಮವಾರ ಬಂದು ನುಡಿಸಿ ಹೋಗುತ್ತಾನೆ, ಗಾಯಕಿ ಗುರುವಾರ ಬಂದು ಹಾಡುತ್ತಾಳೆ, ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುವುದೇ ಇಲ್ಲ. ಹೊಲಿಗೆ ಕಾಣದಂತೆ ಯಂತ್ರ ಹೊಲಿಯುತ್ತದೆ. ನಾನು ಯಂತ್ರದ ದ್ವೇಷಿಯಲ್ಲ. ಆದರೆ ಹತ್ತು ಜನ ಕೂಡಿ ಉಣ್ಣುವುದಕ್ಕೂ ಹತ್ತು ಜನರಿಗೆ ಬೇರೆ ಬೇರೆ ಬುತ್ತಿ ಕಟ್ಟಿ ಕಳಿಸುವುದಕ್ಕೂ ಇರುವ ಅಂತರ ಕಿವಿಗೆ ತಿಳಿಯುತ್ತದೆ. ಹಳೆಯ ತಟ್ಟೆಯನ್ನು ಕೇಳುವ ಎಳೆಯರಿಗೂ ಅದು ತಿಳಿಯುತ್ತದೆ. ಅವರಿಗೆ ನೆನೆಯಲು ಹಿಂದಿನ ಕಾಲವೇ ಇಲ್ಲದಿರುವಾಗ ಚಪಲದ ಆರೋಪ ಎಲ್ಲಿ ನಿಲ್ಲುತ್ತದೆ?

ಇನ್ನೊಂದು ಕಾರಣವುಂಟು. ಕೆಲವು ದನಿಗಳು ತಟ್ಟೆಯ ಹೊರಗೆ ಎಲ್ಲಿಯೂ ಇಲ್ಲ. ಗಂಗೂಬಾಯಿ ಹಾನಗಲ್ಲರ (1913–2009) ಗಂಡುಗಾಂಭೀರ್ಯದ ಕಂಠವನ್ನು ಬಲ್ಲವರು ಅವರು 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿಗೆ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಕೊಟ್ಟ ತಟ್ಟೆಗಳನ್ನು ಕೇಳಬೇಕು. ತೆಳ್ಳನೆಯ, ಎತ್ತರದ, ಹರಿತವಾದ ಹುಡುಗಿಯ ಕೊರಳು. ಗಂಟಲಿನ ಶಸ್ತ್ರಚಿಕಿತ್ಸೆಯ ಅನಂತರ ಆ ಕೊರಳು ಹೋಯಿತು. ಬೇರೊಂದು ಬಂದಿತು, ಅದು ಲೋಕಪ್ರಸಿದ್ಧವಾಯಿತು. ಮೊದಲನೆಯದು ಉಳಿದಿರುವುದು ಅರಗಿನಲ್ಲಿ ಮಾತ್ರ. ಮಲ್ಲಿಕಾರ್ಜುನ ಮನ್ಸೂರರ (1910–1992) ಯೌವನವೂ ಹಾಗೆಯೇ. ಬೀಳಗಿಯಿಂದ ಹೊರಟು ಮುಂಬಯಿಯ ಚಿತ್ರಗಳಲ್ಲಿ ಹೆಸರಾದ ಅಮೀರಬಾಯಿ ಕರ್ನಾಟಕಿಯ ಕನ್ನಡ ಹಾಡುಗಳೂ ಹಾಗೆಯೇ. ನಾಟಕ ಕಂಪನಿಯಲ್ಲಿ ಬೆಳೆದು, ಕವಿಗಳ ಪದ್ಯಗಳಿಗೆ ವಾದ್ಯವೃಂದದ ಜೊತೆ ಕೊಟ್ಟು, ಸುಗಮ ಸಂಗೀತಕ್ಕೆ ಹಾದಿ ಹಾಕಿದ ಪಿ. ಕಾಳಿಂಗರಾಯರನ್ನು (1914–1981) ಇಂದಿನವರು ಕೇಳಬೇಕಾದರೆ ಮುದ್ರಿಕೆಯ ಹೊರತು ಗತಿಯೇನು?

ಕಳೆದುಕೊಂಡರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ವೈ. ವಿ. ರಾವ್ ನಿರ್ದೇಶಿಸಿದ, ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು ಅವರು ಅಭಿನಯಿಸಿದ ಆ ಚಿತ್ರದ ಪ್ರತಿ ಇಂದು ಇಲ್ಲ. ನಮ್ಮ ಭಾಷೆ ಬೆಳ್ಳಿತೆರೆಯ ಮೇಲೆ ಮೊದಲ ಸಲ ಹೇಗೆ ಮಾತಾಡಿತೆಂದು ಕೇಳುವ ಭಾಗ್ಯ ಯಾವ ಕನ್ನಡಿಗನಿಗೂ ಇಲ್ಲ. ವರ್ಷಕ್ಕೊಮ್ಮೆ ಆ ದಿನವನ್ನು ನೆನೆದು ಭಾಷಣ ಮಾಡುತ್ತೇವೆ. ಕಳೆದುಕೊಂಡದ್ದಕ್ಕೆ ಹಾರ ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಇನ್ನು ಎರಡನೆಯ ಪಕ್ಷದವರ ಕಡೆಗೆ ತಿರುಗುತ್ತೇನೆ. ಒಂದು ಅಂಗಡಿಯಲ್ಲಿ ‘ಹೊಸದಾಗಿ ಸಂಸ್ಕರಿಸಿದ ಹಳೆಯ ರಂಗಗೀತೆಗಳು’ ಎಂಬ ಮುದ್ರಿಕೆಯೊಂದನ್ನು ಕೊಂಡು ತಂದೆ. ಕೇಳಿದರೆ, ಐವತ್ತು ವರ್ಷದ ಹಿಂದಿನ ಕೊರಳಿನ ಕೆಳಗೆ ನಿನ್ನೆಯ ಡ್ರಮ್ಮು ಬಡಿದುಕೊಳ್ಳುತ್ತಿದೆ. ಹಾರ್ಮೋನಿಯಂ ನಾಪತ್ತೆ. ಗಾಯಕಿ ಬಾವಿಯೊಳಗಿಂದ ಹಾಡುತ್ತಿದ್ದಾಳೋ ಎಂಬಂತೆ ಮಾರ್ದನಿ. ಬೆಂಗಳೂರಿನಲ್ಲಿ ಧ್ವನಿಮುದ್ರಣದ ಕೆಲಸದಲ್ಲಿರುವ ನನ್ನ ಅಳಿಯನಿಗೆ ಕೇಳಿಸಿದೆ. ಅವನು ನಕ್ಕು, “ಮಾವಾ, ಇದು ಸಂಸ್ಕಾರ ಅಲ್ರೀ, ಸತ್ತವರ ಬಾಯಾಗ ನಮ್ಮ ಮಾತು ಆಡಿಸಿದಂಗ ಐತಿ” ಎಂದ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ನಿಜವಾದ ಸಂಸ್ಕಾರ ಎಂದರೇನೆಂದು ಅವನಿಂದಲೇ ತಿಳಿದುಕೊಂಡೆ. ತಿಳಿದದ್ದನ್ನು ವಾಚಕರ ಮುಂದಿಡುತ್ತೇನೆ. ಮೊದಲು ತಟ್ಟೆಯನ್ನು ತೊಳೆಯಬೇಕು. ಗೆರೆಗಳಲ್ಲಿ ಕೂತ ದಶಕಗಳ ಧೂಳೇ ಅರ್ಧ ಸದ್ದಿಗೆ ಕಾರಣ. ಆಮೇಲೆ ಗೆರೆಯ ಅಗಲಕ್ಕೆ ತಕ್ಕ ಮುಳ್ಳನ್ನು ಆರಿಸಬೇಕು. ಸವೆದ ಭಾಗವನ್ನು ಬಿಟ್ಟು ಸವೆಯದ ಆಳದಲ್ಲಿ ಅದು ಓಡಬೇಕು. ಮೂರನೆಯದು ವೇಗ. ತಟ್ಟೆಯ ಮೇಲೆ 78 ಎಂದು ಅಚ್ಚಾಗಿದ್ದರೂ ಮುದ್ರಣವಾದ ದಿನ ಯಂತ್ರ ಅಷ್ಟೇ ಸುತ್ತು ತಿರುಗಿತ್ತೆಂಬ ಭರವಸೆಯಿಲ್ಲ. 78ರ ಬದಲು ಸುಮಾರು 82½ ಸುತ್ತು ತಿರುಗಿಸಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ಕರಿ ಎರಡರ ಗಾಯಕಿ ಕರಿ ಎರಡಕ್ಕೂ ಮೇಲೆ ಹೋಗಿ ಹಕ್ಕಿಯಾಗುತ್ತಾಳೆ. ಇದನ್ನು ಸರಿಪಡಿಸುವುದಕ್ಕೆ ಯಂತ್ರ ಸಾಲದು, ಸಂಗೀತ ಬಲ್ಲ ಕಿವಿ ಬೇಕು. ಕೊನೆಗೆ ಗೀರುಗಳ ಟಿಕ್ ಟಿಕ್ ಸದ್ದನ್ನು ಒಂದೊಂದಾಗಿ ಹೆಕ್ಕಿ ತೆಗೆಯಬೇಕು. ನೆಲ್ಲಿನಿಂದ ಕಲ್ಲು ಆರಿಸಿದ ಹಾಗೆ.

ಇಲ್ಲಿಗೆ ನಿಲ್ಲಿಸಬೇಕು. ಮುಂದಕ್ಕೆ ಹೋದರೆ ಅಪಾಯ. ಗೀರಿನ ಹಿಂದಿರುವ ‘ಸ್ಸ್’ ಎಂಬ ಸೋಸಿದ ಸದ್ದನ್ನು ಪೂರ್ತಿ ತೊಡೆಯುವ ಯಂತ್ರಕ್ಕೆ ಅರಗಿನ ಸದ್ದಾವುದು, ತಂಬೂರಿಯ ಝೇಂಕಾರವಾವುದು ಎಂದು ತಿಳಿಯುವುದಿಲ್ಲ. ಎಡೆಬಿಡದೆ ಮೊಳಗುವುದೆಲ್ಲ ಅದರ ಪಾಲಿಗೆ ಕಸ. ಕಸದ ಜೊತೆಗೆ ತಂಬೂರಿ ಹೋಗುತ್ತದೆ, ಪಿಟೀಲಿನ ಕಮಾನಿನ ಉಜ್ಜು ಹೋಗುತ್ತದೆ, ಗಾಯಕಿ ಚರಣಕ್ಕೆ ಮುಂಚೆ ಎಳೆದುಕೊಂಡ ಉಸಿರು ಹೋಗುತ್ತದೆ. ಉಳಿಯುವುದು ನುಣ್ಣಗೆ ಬೋಳಿಸಿದ ಒಂದು ನಾದ. ಮನೆ ಗುಡಿಸುವಾಗ ಕೂಸನ್ನೂ ಕಸದ ಮೊರಕ್ಕೆ ಹಾಕುವ ಈ ಶುಚಿತ್ವ ನನಗೆ ಬೇಡ.

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರುಬಸವೇಶ್ವರನ ತೇರು ಎಳೆಯುವಾಗಲೇ ಮಗುಚಿ ಬಿದ್ದದ್ದನ್ನು ನಮ್ಮ ಸೀಮೆಯವರು ಮರೆತಿಲ್ಲ. ತೇರನ್ನು ಮತ್ತೆ ಕಟ್ಟಿದರು, ಮತ್ತೆ ಎಳೆದರು. ಹಳೆಯ ಕಾಲದ ಮರದ ಗಾಲಿ ನಂಬತಕ್ಕದ್ದಲ್ಲ, ಇನ್ನು ಮೇಲೆ ಸ್ವಾಮಿಯನ್ನು ಲಾರಿಯಲ್ಲಿ ಕೂರಿಸೋಣ, ಈಗಿನವರಿಗೆ ಅದೇ ಇಷ್ಟ ಎಂದು ಯಾರಾದರೂ ಹೇಳಿದ್ದರೆ ನಮ್ಮ ಜನ ಏನು ಮಾಡುತ್ತಿದ್ದರೆಂದು ಊಹಿಸಬಹುದು. ದುರಸ್ತಿಗೂ ರೂಪಾಂತರಕ್ಕೂ ಇರುವ ವ್ಯತ್ಯಾಸ ತೇರಿನ ವಿಷಯದಲ್ಲಿ ಎಲ್ಲರಿಗೂ ಗೊತ್ತು. ಸಂಗೀತದ ವಿಷಯಕ್ಕೆ ಬಂದಾಗ ಮಾತ್ರ ಆ ವಿವೇಕವನ್ನು ಮನೆಯಲ್ಲಿ ಬಿಟ್ಟು ಬರುತ್ತೇವೆ.

ಅರಸರ ಹಣ ಒಳ್ಳೆಯದಕ್ಕೆ ಸಂದ ಒಂದು ನಿದರ್ಶನವನ್ನು ಇಲ್ಲಿ ಹೇಳಬೇಕು. ಮೈಸೂರಿನ ಜಯಚಾಮರಾಜ ಒಡೆಯರು ಕರ್ನಾಟಕ ಪದ್ಧತಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದವರು. ಜೊತೆಗೆ ಪಾಶ್ಚಾತ್ಯ ವಾದ್ಯವೃಂದ ಸಂಗೀತದಲ್ಲಿ ಪರಿಣತರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ಸಂಗೀತಗಾರ ಮೆಟ್ನರನ ಕೃತಿಗಳು ಅವನ ಜೊತೆಗೇ ಅಳಿಯಬಾರದೆಂದು ಹಣ ಕೊಟ್ಟು, ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಅವನೇ ಪಿಯಾನೋ ನುಡಿಸುವಂತೆ ಮಾಡಿ, ತಟ್ಟೆಗಳಲ್ಲಿ ಮುದ್ರಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ; 1951ರಲ್ಲಿ ತೀರಿಕೊಂಡ. ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಹಾಡಲ್ಪಟ್ಟಾಗಲೂ ಹಣದ ಹೊಣೆ ಹೊತ್ತವರು ಇದೇ ಒಡೆಯರು. ತಮ್ಮ ಸಂಗ್ರಹಕ್ಕೆ ಅದರ ಮುದ್ರಣವಾಗಬೇಕೆಂದು ಕೇಳಿದವರೂ ಅವರೇ. ಆ ಮುದ್ರಣ ಸವೆದು ಗೀಚುಗೀಚಾಗಿ ನಮಗೆ ದಕ್ಕಿದೆ. ಆದರೂ ಅದನ್ನು ಸಂಸ್ಕರಿಸಿ ಕೇಳುವವರಿದ್ದಾರೆ, ಏಕೆಂದರೆ ಆ ಸಂಜೆ ಮತ್ತೊಮ್ಮೆ ಬರುವುದಿಲ್ಲ. ಅದಕ್ಕೆ ಯಾರೂ ಡ್ರಮ್ಮು ಸೇರಿಸಲಿಲ್ಲ.

ಮೈಸೂರಿನ ಅರಸರು ರಷ್ಯದವನನ್ನು ಉಳಿಸಿದರು. ನಮ್ಮವರನ್ನು ಉಳಿಸುವವರು ಯಾರು? ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಹಳೆಯ ಮನೆಗಳ ಅಟ್ಟದ ಮೇಲೆ ತಟ್ಟೆಗಳ ಪೆಟ್ಟಿಗೆಗಳಿವೆ. ಇದ್ದವು ಎನ್ನುವ ದಿನವೂ ದೂರವಿಲ್ಲ. ಪಿತ್ರಾರ್ಜಿತ ಪಾಲಾಗುವಾಗ ಹೊಲ ಪಾಲಾಗುತ್ತದೆ, ಬೆಳ್ಳಿ ಪಾಲಾಗುತ್ತದೆ, ತಟ್ಟೆಗಳು ಗುಜರಿಗೆ ಹೋಗುತ್ತವೆ. ನನಗೆ ಪರಿಚಯದ ಒಂದು ಮನೆಗೆ ಬಂದ ಹಳೆಯ ಸಾಮಾನಿನ ವ್ಯಾಪಾರಿ ಹಿತ್ತಾಳೆಯ ಕೊಂಬಿಗೆ ಒಳ್ಳೆಯ ಬೆಲೆ ಕೊಟ್ಟ. ತಟ್ಟೆಗಳನ್ನು ಹಿತ್ತಲಿಗೆ ಸುರಿಸಿ ಪೆಟ್ಟಿಗೆಯನ್ನು ಒಯ್ದ. ಪಟ್ಟಣದ ಹೋಟೆಲಿನ ಮೂಲೆಯಲ್ಲಿ ಆ ಕೊಂಬು ಅಲಂಕಾರಕ್ಕೆ ನಿಂತಿರುತ್ತದೆ. ಬಾಯಿಯನ್ನು ಕಾಪಾಡಿ ಮಾತನ್ನು ಎಸೆದೆವು.

ಹಕ್ಕುಗಳ ತೊಡಕಿದೆ ಎಂದು ಕೆಲವರು ಹೆದರಿಸುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಈಗಿರುವಂತೆ, ಧ್ವನಿಮುದ್ರಿಕೆಯ ಮೇಲಿನ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 1964ರಲ್ಲಿ ಹೊರಬಂದ ತಟ್ಟೆಯ ಮೇಲೆ 2025ರ ಜನವರಿ 1ರಿಂದ ಯಾವ ಕಂಪನಿಗೂ ಮುದ್ರಣದ ಹಕ್ಕು ಉಳಿದಿಲ್ಲ. ಹಾಡಿನ ಸಾಹಿತ್ಯಕ್ಕೆ ಕವಿ ತೀರಿಕೊಂಡ ಅನಂತರ 60 ವರ್ಷದ ಬೇರೆ ಲೆಕ್ಕವುಂಟು. ಅದನ್ನು ಗೌರವಿಸಬೇಕು, ವಾರಸುದಾರರನ್ನು ಕೇಳಬೇಕು. ಆದರೆ ಸ್ವಾತಂತ್ರ್ಯಕ್ಕೆ ಮುಂಚಿನ ಬಹುಪಾಲು ತಟ್ಟೆಗಳು ಊರ ಕೆರೆಯ ನೀರಿನಂತೆ ಸರ್ವರ ಸೊತ್ತು. ಸರ್ವರ ಸೊತ್ತನ್ನು ನೋಡಿಕೊಳ್ಳುವವರಿಲ್ಲದಿದ್ದರೆ ಕೆರೆಗೆ ಏನಾಗುತ್ತದೆಂದು ಕೂಡ್ಲಿಗಿಯವರಿಗೆ ಹೇಳಿಕೊಡಬೇಕಾಗಿಲ್ಲ.

‘ಕುಡಿಯುವ ನೀರಿಗೆ ತತ್ವಾರವಿರುವ ಸೀಮೆಯಲ್ಲಿ ತಟ್ಟೆಯ ಚಿಂತೆಯೇ?’ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ನೀರೇ ಮೊದಲು. ಆದರೆ ಈ ಕೆಲಸಕ್ಕೆ ಬೇಕಾದದ್ದು ಅಣೆಕಟ್ಟೆಯ ಹಣವಲ್ಲ. ವೇಗವನ್ನು ಹೆಚ್ಚು ಕಡಿಮೆ ಮಾಡಬಹುದಾದ ಒಂದು ತಿರುಗುಮಣೆ, ನಾಲ್ಕಾರು ಅಳತೆಯ ಮುಳ್ಳುಗಳು, ಒಂದು ಕಂಪ್ಯೂಟರು, ಕಿವಿಯುಳ್ಳ ಒಬ್ಬ ತರುಣ. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮ್ಮ ಕೂಗಳತೆಯಲ್ಲಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿ ನಮ್ಮ ತಾಲೂಕುಗಳಿಗೆಲ್ಲ ಹೊಸಪೇಟೆಯೇ ಕೇಂದ್ರವಾಗಿದೆ. ತಾಲೂಕಿಗೊಂದು ಸಾರ್ವಜನಿಕ ಗ್ರಂಥಾಲಯವಿದೆ. ‘ತಟ್ಟೆ ನಿಮ್ಮದೇ, ಮುದ್ರಣ ಮಾಡಿಕೊಂಡು ಹಿಂದಿರುಗಿಸುತ್ತೇವೆ’ ಎಂಬ ಒಂದು ಫಲಕವನ್ನು ಆ ಬಾಗಿಲಲ್ಲಿ ತೂಗುಹಾಕಿದರೆ ಅರ್ಧ ಕೆಲಸ ಆದಂತೆ. ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ಹತ್ತು ಸಾವಿರ ಹಳೆಯ ತಟ್ಟೆಗಳನ್ನು ಯಾರು ಬೇಕಾದರೂ ಕೇಳುವಂತೆ ತೆರೆದಿಟ್ಟಿತು. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ ಖಾಸಗಿಯಾಗಿ ಅಂಥ ಒಂದು ಸಂಗ್ರಹ ಕಟ್ಟಿದ್ದಾರೆ. ಒಬ್ಬ ಮನುಷ್ಯನಿಂದ ಆದದ್ದು ಒಂದು ಜಿಲ್ಲೆಯಿಂದ ಆಗದೆ?

ಆದರೆ ಒಂದು ನಿಯಮವಿರಲಿ. ತಟ್ಟೆಯಿಂದ ಬಂದ ದನಿಯನ್ನು ಮೊದಲು ಇದ್ದಕ್ಕಿದ್ದಂತೆ, ಕರಕರ ಸಹಿತ, ಒಂದು ಪ್ರತಿ ತೆಗೆದು ಕಾದಿರಿಸಬೇಕು. ಶುಚಿಮಾಡಿದ್ದು ಎರಡನೆಯ ಪ್ರತಿ. ಅದರಲ್ಲಿ ಏನೇನು ತೆಗೆದೆವೆಂದು ಬರೆದಿಡಬೇಕು. ಇಂದಿನ ಯಂತ್ರ ತಪ್ಪಿದರೆ ನಾಳೆಯ ಯಂತ್ರ ಮೂಲದಿಂದ ಮತ್ತೆ ಶುರುಮಾಡಬಹುದು. ಯಾರಿಗಾದರೂ ಅದರ ಮೇಲೆ ಹೊಸ ಮೇಳ ಕೂಡಿಸುವ ಆಸೆಯಿದ್ದರೆ ಕೂಡಿಸಲಿ, ಹೊಸ ಹೆಸರಿಟ್ಟು ತಮ್ಮದೆಂದು ಮಾರಲಿ. ‘ಸಂಸ್ಕರಿಸಿದ್ದು’ ಎಂಬ ಮಾತನ್ನು ಮಾತ್ರ ಅದರ ಮೇಲೆ ಅಚ್ಚುಹಾಕದಿರಲಿ. ಹಾಲಿಗೆ ನೀರು ಬೆರೆಸಿ ಮಾರುವವನನ್ನು ದಂಡಿಸುವ ನಾಡಿನಲ್ಲಿ ಇಷ್ಟು ಕೇಳುವುದು ಅತಿಯಾಗದು.

ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ಇಂದಿಗೂ ‘ರಕ್ತರಾತ್ರಿ’ಯಂಥ ನಾಟಕ ಕಟ್ಟುವ ಹುಡುಗರಿದ್ದಾರೆ. ಅವರಿಗೆ ಹಾಡು ಕಲಿಸುವ ಹಾರ್ಮೋನಿಯಂ ಮಾಸ್ತರರು ವರ್ಷ ವರ್ಷಕ್ಕೆ ವಿರಳವಾಗುತ್ತಿದ್ದಾರೆ. ಮಾಸ್ತರರು ಹೋದ ಮೇಲೆ ಆ ಹುಡುಗರು ಯಾರನ್ನು ಕೇಳಿ ಕಲಿಯಬೇಕು? ಪೀಠಿಕೆಯ ಕಂದವನ್ನು ಹೇಗೆ ಎತ್ತಬೇಕು, ಎಲ್ಲಿ ಮೇಳ ನಿಲ್ಲಬೇಕು, ಎಲ್ಲಿ ಕ್ಲಾರಿಯೋನೆಟ್ಟು ದನಿಯನ್ನು ಕೈಹಿಡಿದು ನಡೆಸಬೇಕು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ತಟ್ಟೆಗಳ ಗೆರೆಯಲ್ಲಿದೆ, ಮೂರು ಮೂರು ನಿಮಿಷವಾಗಿ. ಅಟ್ಟ ಹತ್ತಿ ಇಳಿಸುವುದಕ್ಕೆ ಒಂದು ಏಣಿ ಸಾಕು. ಮನೆಯಲ್ಲಿ ಪೆಟ್ಟಿಗೆಯಿರುವ ವಾಚಕರು ಈ ಭಾನುವಾರವೇ ಏಣಿ ಹಾಕಲಿ. ಗುಜರಿಯವನು ಭಾನುವಾರ ರಜೆ ಹಾಕುವವನಲ್ಲ.